ಬಾತಂನಿಂದ ಮೊಂಬಾಸಾಕ್ಕೆ: ಒಂದು ಟಗ್ಗನ್ನು ಒಪ್ಪಿಸಿ ಬಂದ 27 ದಿನಗಳು

ಫೆಬ್ರವರಿ 17, 2024, ಬಾತಂ

ಇಂಡೊನೇಷ್ಯಾದ ಬಾತಂ ದ್ವೀಪದ ಹಡಗುಕಟ್ಟೆಯಿಂದ ಬೆಳಗಿನ ಆರು ಗಂಟೆಗೆ ಹಗ್ಗ ಬಿಚ್ಚಿದೆವು. ಹಿಂದಿನ ದಿನವೇ ಎಲ್ಲವೂ ಸಿದ್ಧವಾಗಿತ್ತು. ಆದರೆ ಶುಕ್ರವಾರ ದೂರದ ಯಾನ ಹೊರಡಬಾರದೆಂಬ ನಾವಿಕರ ಹಳೆಯ ನಂಬಿಕೆಯನ್ನು ಮಾತಿನಲ್ಲಿ ಗೇಲಿ ಮಾಡುವ ನಮ್ಮ ಕ್ಯಾಪ್ಟನ್, ಕಾಗದಪತ್ರಗಳಲ್ಲಿ ಏನೋ ಒಂದು ಕೊರತೆ ಹುಡುಕಿ, ಹೊರಡುವುದನ್ನು ಶನಿವಾರಕ್ಕೆ ತಳ್ಳಿದರು. ನಮ್ಮೂರ ಲೆಕ್ಕದಲ್ಲಿ ಶನಿವಾರ ಅದಕ್ಕಿಂತಲೂ ಕೆಟ್ಟದ್ದೆಂದು ನಾನು ಅವರಿಗೆ ಹೇಳಲಿಲ್ಲ.

ನಾವು ಒಯ್ಯಬೇಕಿದ್ದುದು 32 ಮೀಟರ್ ಉದ್ದದ, 12 ವರ್ಷ ಹಳೆಯ ಬಂದರು ಟಗ್ಗು. ದೊಡ್ಡ ಹಡಗುಗಳನ್ನು ಬಂದರಿನೊಳಗೆ ದೂಡಿ, ಎಳೆದು, ತಿರುಗಿಸಿ ಧಕ್ಕೆಗೆ ಆನಿಸುವುದು ಇದರ ಕಸುಬು. ಹಿಂಭಾಗದಲ್ಲಿ, ಹೊಟ್ಟೆಯಡಿ, ಸುತ್ತ 360 ಡಿಗ್ರಿ ತಿರುಗಬಲ್ಲ ಎರಡು ಪ್ರೊಪೆಲ್ಲರ್‌ಗಳಿವೆ. ಪ್ರತ್ಯೇಕವಾದ ಚುಕ್ಕಾಣಿಯೇ ಇಲ್ಲ. ಎರಡು ಇಂಜಿನ್‌ಗಳದು ಸೇರಿ ಸುಮಾರು 5,000 ಅಶ್ವಶಕ್ತಿ, ಎಳೆಯುವ ಬಲ 60 ಟನ್. ಇಷ್ಟು ಬಲವಿದ್ದರೂ ಇದರ ಮೈ ಗಿಡ್ಡ, ಹೊಟ್ಟೆ ಅಗಲ, ಡೆಕ್ ನೀರಿಗೆ ತೀರ ಹತ್ತಿರ. ಹನ್ನೆರಡು ವರ್ಷಗಳಲ್ಲಿ ಒಂದೇ ಒಂದು ರಾತ್ರಿಯನ್ನೂ ತೆರೆದ ಸಮುದ್ರದಲ್ಲಿ ಕಳೆಯದ ಈ ಹಡಗನ್ನು ಕೊಂಡವರು ಕೆನ್ಯಾದ ಮೊಂಬಾಸಾದವರು, ಮತ್ತು ಅಲ್ಲಿಯ ಕಿಲಿಂಡಿನಿ ಬಂದರಿನಲ್ಲಿ ಸುಸ್ಥಿತಿಯಲ್ಲಿ ಒಪ್ಪಿಸಬೇಕೆಂಬುದು ಮಾರಾಟದ ಷರತ್ತು. ದೊಡ್ಡ ಹಡಗಿನ ಬೆನ್ನೇರಿಸಿ ಕಳಿಸುವ ದಾರಿಯೂ ಇತ್ತು. ಅದರ ಬಾಡಿಗೆ ಕೇಳಿ ಮಾರಿದವರು ಎಂಟು ಜನರನ್ನು ಸಂಬಳಕ್ಕೆ ಇಟ್ಟುಕೊಳ್ಳುವುದೇ ಲೇಸೆಂದು ತೀರ್ಮಾನಿಸಿದರು. ಆ ಎಂಟರಲ್ಲಿ ಕುಮಟಾ ಕಡೆಯವನಾದ ನಾನು ಚೀಫ್ ಇಂಜಿನಿಯರ್. ಅಡುಗೆಯ ಹುಡುಗ ಕುಂದಾಪುರದವನು. ಉಳಿದವರೊಡನೆ ನಮ್ಮ ಮಾತು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ನಡೆಯುತ್ತಿತ್ತು.

ವಿಮೆಯ ಪರವಾಗಿ ಬಂದಿದ್ದ ಸರ್ವೇಯರ್ ಎರಡು ದಿನ ಹಡಗನ್ನು ತಡಕಾಡಿ ಉದ್ದನೆಯ ಪಟ್ಟಿಯೊಂದನ್ನು ಕೊಟ್ಟಿದ್ದರು. ಕೆಳಗಿನ ಕಿಟಕಿಗಳಿಗೆಲ್ಲ ಉಕ್ಕಿನ ಮುಚ್ಚಳ ಬಿಗಿಯಬೇಕು. ಲಂಗರಿನ ಸರಪಳಿ ಇಳಿಯುವ ಕೊಳವೆಗೆ ಸಿಮೆಂಟು ತುಂಬಿ ನೀರು ಒಳಬಾರದಂತೆ ಮಾಡಬೇಕು. ಮೈಸುತ್ತ ನೇತಾಡುವ ಟೈರುಗಳ ಸರಪಳಿಗಳನ್ನು ಪರೀಕ್ಷಿಸಿ, ಸಡಿಲವಾದವನ್ನು ತೆಗೆದುಬಿಡಬೇಕು. ಎಳೆಯುವ ಹಗ್ಗವನ್ನು ಡೆಕ್ಕಿನಿಂದ ಒಳಗೊಯ್ದು ಕಟ್ಟಬೇಕು. ಬಂದರಿನ ಮಿತಿಯೊಳಗೆ ಮಾತ್ರ ಓಡಾಡಲು ಪರವಾನಗಿಯಿರುವ ಹಡಗಾದ್ದರಿಂದ, ಈ ಒಂದೇ ಯಾನಕ್ಕೆಂದು ಪ್ರತ್ಯೇಕ ಅನುಮತಿಯನ್ನೂ ಪಡೆಯಬೇಕಾಯಿತು. ಇಂಜಿನ್ ರೂಮಿನ ಪಟ್ಟಿಯಲ್ಲಿ ಡೀಸೆಲ್ ಶುದ್ಧಗೊಳಿಸುವ ಪ್ಯೂರಿಫೈಯರ್ ಯಂತ್ರದ ಎದುರು ‘ಸುಸ್ಥಿತಿಯಲ್ಲಿದೆ’ ಎಂದು ಬರೆದಿತ್ತು. ಅದನ್ನು ನಾನು ಓಡಿಸಿ ನೋಡಿದ್ದೆ; ಹತ್ತು ನಿಮಿಷ ಚೆನ್ನಾಗಿಯೇ ಓಡಿತ್ತು. ಹನ್ನೊಂದನೆಯ ನಿಮಿಷದವರೆಗೆ ಅಲ್ಲಿ ನಿಂತಿರಬೇಕಿತ್ತು.

ಬಾತಂ ಇರುವುದು ಸಿಂಗಪುರ ಜಲಸಂಧಿಯ ದಕ್ಷಿಣ ದಂಡೆಯಲ್ಲಿ. ಪಶ್ಚಿಮಕ್ಕೆ ಹೋಗುವ ಹಡಗುಗಳ ಪಥವಿರುವುದು ಉತ್ತರದ ಮಗ್ಗುಲಲ್ಲಿ. ಹಾಗಾಗಿ ಮೊದಲ ಗಂಟೆಯಲ್ಲೇ, ಪೂರ್ವಕ್ಕೆ ಸಾಲಾಗಿ ಹೋಗುತ್ತಿದ್ದ ಟ್ಯಾಂಕರುಗಳ ಮತ್ತು ಕಂಟೇನರ್ ಹಡಗುಗಳ ಪಥವನ್ನು ನೇರ ಅಡ್ಡವಾಗಿ ದಾಟಬೇಕಾಯಿತು. ಹೆದ್ದಾರಿಯನ್ನು ಎತ್ತಿನ ಗಾಡಿ ದಾಟಿದಂತೆ ದಾಟಿದೆವು. ಇಲ್ಲಿಂದ ಮುಂದೆ ವೇಗ 9 ನಾಟ್, ಅಂದರೆ ಗಂಟೆಗೆ 9 ನಾಟಿಕಲ್ ಮೈಲಿ, ಸುಮಾರು 17 ಕಿಲೋಮೀಟರ್. ಅದಕ್ಕಿಂತ ಹೆಚ್ಚಿಗೆ ಓಡಿಸಿದರೆ ಇಂಥ ಮೋಟುಹಡಗು ಮುಂದೆ ನೀರಿನ ಗುಡ್ಡ ಕಟ್ಟಿಕೊಂಡು ಡೀಸೆಲ್ ಕುಡಿಯುತ್ತದೆಯೇ ಹೊರತು ದಾರಿ ಸಾಗುವುದಿಲ್ಲ. ಈ ವೇಗದಲ್ಲಿ ದಿನಕ್ಕೆ ಖರ್ಚು ಸುಮಾರು 6,000 ಲೀಟರ್. ಟ್ಯಾಂಕುಗಳಲ್ಲಿ ಹಿಡಿಸುವುದು 1,10,000 ಲೀಟರ್. ಹೋಗಬೇಕಾದ ದೂರ 4,000 ನಾಟಿಕಲ್ ಮೈಲಿಗೂ ಹೆಚ್ಚು. ಒಂದೇ ಉಸಿರಿನಲ್ಲಿ ಮುಟ್ಟುವುದು ಆಗದ ಮಾತು. ಶ್ರೀಲಂಕಾದ ಗಾಲೆಯಲ್ಲಿ ತುಂಬಿಸಿಕೊಳ್ಳಲೇಬೇಕು.

ಫೆಬ್ರವರಿ 18 ಮತ್ತು 19, ಮಲಾಕ್ಕಾ ಜಲಸಂಧಿ

ಬಲಕ್ಕೆ ಮಲೇಷ್ಯಾ, ಎಡಕ್ಕೆ ಕಣ್ಣಿಗೆ ಕಾಣದ ಸುಮಾತ್ರಾ. ವಾಯವ್ಯಕ್ಕೆ ಹೋಗುವವರು ಮಲೇಷ್ಯಾದ ಮಗ್ಗುಲಿನ ಪಥದಲ್ಲೇ ಹೋಗಬೇಕು, ಮತ್ತು 300 ಟನ್ ಮೀರಿದ ಪ್ರತಿ ಹಡಗೂ ದಾರಿಯುದ್ದಕ್ಕೂ ದಂಡೆಯ ಠಾಣೆಗಳಿಗೆ ರೇಡಿಯೊದಲ್ಲಿ ತನ್ನ ವಿವರ ತಿಳಿಸುತ್ತಿರಬೇಕು. ನಾವು ಪಥದ ಬಲಅಂಚನ್ನು ಹಿಡಿದೆವು. ನಮ್ಮ ಎರಡರಷ್ಟು ವೇಗದ ಹಡಗುಗಳು ಇಡೀ ದಿನ ಒಂದರ ಹಿಂದೊಂದು ನಮ್ಮನ್ನು ಹಿಂದಿಕ್ಕಿ ಹೋದವು. ರಾತ್ರಿ ಕಳ್ಳದೋಣಿಗಳು ಹಿಂದಿನಿಂದ ಬಂದು ಹತ್ತುವುದುಂಟೆಂದು ಡೆಕ್ಕಿನ ದೀಪಗಳನ್ನೆಲ್ಲ ಉರಿಸಿ, ಹಿಂಭಾಗದಲ್ಲಿ ಇಬ್ಬರನ್ನು ಕಾವಲಿಗೆ ನಿಲ್ಲಿಸಿದ್ದೆವು. ಯಾರೂ ಬರಲಿಲ್ಲ. ಬಂದದ್ದು ಪ್ಲಾಸ್ಟಿಕ್. ಇಂಜಿನ್ ತಣ್ಣಗಾಗಿಸುವ ಸಮುದ್ರದ ನೀರು ಒಳಬರುವ ಜಾಲರಿಯನ್ನು ಎರಡು ದಿನಗಳಲ್ಲಿ ಐದು ಸಲ ಬಿಚ್ಚಿ, ಚೀಲಗಳನ್ನೂ ನೂಡಲ್ಸ್ ಪೊಟ್ಟಣಗಳನ್ನೂ ಕೈಯಿಂದ ಎಳೆದು ತೆಗೆದೆವು.

ಫೆಬ್ರವರಿ 20, ಗ್ರೇಟ್ ಚಾನೆಲ್

ಸುಮಾತ್ರಾದ ತುದಿ ಹಿಂದುಳಿಯಿತು. ಉತ್ತರಕ್ಕೆ ಗ್ರೇಟ್ ನಿಕೋಬಾರ್ ಇದೆ, ಅದರ ದಕ್ಷಿಣದ ಕೊನೆ ಇಂದಿರಾ ಪಾಯಿಂಟ್. ಭಾರತದ ನೆಲದ ತೀರ ತೆಂಕಣ ತುದಿ ಅದೇ. 2004ರ ಡಿಸೆಂಬರ್ 26ರ ಭೂಕಂಪದಲ್ಲಿ ಆ ನೆಲವೇ ನಾಲ್ಕು ಮೀಟರಿಗೂ ಮಿಕ್ಕಿ ಕುಸಿದು, ದಡದ ಮೇಲೆ ನಿಂತಿದ್ದ ದೀಪಸ್ತಂಭದ ಬುಡ ಸಮುದ್ರದೊಳಗಾಯಿತು. ನಾವು ಹಾದುಹೋದ ದೂರಕ್ಕೆ ಅದರ ಬೆಳಕು ಕಾಣಲಿಲ್ಲ. ಆದರೂ ರಾತ್ರಿ ಪಾಳಿ ಮುಗಿಸಿ ಮೇಲೆ ಬಂದವನು ಸ್ವಲ್ಪ ಹೊತ್ತು ಆ ದಿಕ್ಕಿಗೇ ನೋಡುತ್ತ ನಿಂತಿದ್ದೆ.

ಫೆಬ್ರವರಿ 21ರಿಂದ 23, ಬಂಗಾಳ ಕೊಲ್ಲಿಯ ದಕ್ಷಿಣ

ಈಶಾನ್ಯ ಮಾರುತದ ಕಾಲ. ಜಲಸಂಧಿಯ ಆಸರೆ ತಪ್ಪುತ್ತಿದ್ದಂತೆ, ಬಂಗಾಳ ಕೊಲ್ಲಿಯ ಉದ್ದಕ್ಕೂ ಉರುಳಿ ಬಂದ ಅಲೆಗಳು ಬಲಮಗ್ಗುಲಿಗೆ, ತುಸು ಹಿಂದಿನಿಂದ ಬಡಿಯತೊಡಗಿದವು. ಎರಡು ಮೀಟರ್ ಎತ್ತರದ ಅಲೆ ದೊಡ್ಡ ಹಡಗಿಗೆ ಲೆಕ್ಕಕ್ಕಿಲ್ಲ. ನಮ್ಮ ಟಗ್ಗಾದರೋ ಪ್ರತಿ ಅಲೆಗೂ ಒಂದು ಮಗ್ಗುಲಿಗೆ ಒರಗಿ, ಎದ್ದು, ಇನ್ನೊಂದು ಮಗ್ಗುಲಿಗೆ ಬೀಳುತ್ತಿತ್ತು; ಅದೂ ನಿಧಾನವಾಗಿ ಅಲ್ಲ, ಯಾರೋ ಹೆಗಲು ಹಿಡಿದು ಅಲುಗಿಸಿದಂತೆ ಗಕ್ಕನೆ. ಅಡುಗೆಯ ಹುಡುಗ ಅನ್ನದ ಪಾತ್ರೆಯನ್ನು ಒಲೆಗೆ ತಂತಿಯಿಂದ ಕಟ್ಟಿ ಗಂಜಿ ಬೇಯಿಸಿದ. ಎಲ್ಲರೂ ನಿಂತೇ ಉಂಡೆವು.

ಈ ಕುಲುಕಾಟ ನಮಗಿಂತ ಹೆಚ್ಚು ಕಾಡಿದ್ದು ಟ್ಯಾಂಕುಗಳನ್ನು. ಬಂದರಿನ ನಿಂತ ನೀರಿನಲ್ಲಿ ಹನ್ನೆರಡು ವರ್ಷ ಕಳೆದ ಹಡಗಿನ ಡೀಸೆಲ್ ಟ್ಯಾಂಕುಗಳ ತಳದಲ್ಲಿ ಏನೇನು ಕೂತಿರುತ್ತದೆಂಬುದು ಮೇಲಿನಿಂದ ಕಾಣುವುದಿಲ್ಲ. ಉಷ್ಣವಲಯದ ಸೆಕೆಯಲ್ಲಿ ಟ್ಯಾಂಕಿನ ಖಾಲಿ ಭಾಗದ ಗೋಡೆಗಳು ಬೆವರುತ್ತವೆ. ಆ ನೀರು ಡೀಸೆಲ್‌ಗಿಂತ ಭಾರವಾದ್ದರಿಂದ ತಳಕ್ಕಿಳಿಯುತ್ತದೆ. ನೀರೂ ಡೀಸೆಲ್ಲೂ ಸೇರುವ ಗಡಿಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪನೆಯ ಲೋಳೆ ಕಟ್ಟುತ್ತವೆ. ಅಲುಗದೆ ಇರುವವರೆಗೆ ಅದರಿಂದ ಯಾರಿಗೂ ತೊಂದರೆಯಿಲ್ಲ. ಇಲ್ಲಿ ಮೂರು ದಿನ ಟ್ಯಾಂಕುಗಳನ್ನು ಮಜ್ಜಿಗೆ ಕಡೆದಂತೆ ಕಡೆಯಲಾಯಿತು.

21ರ ಮಧ್ಯರಾತ್ರಿ ಒಂದು ಗಂಟೆಗೆ ಎಡಗಡೆಯ ಇಂಜಿನ್ನಿನ ಧ್ವನಿ ಕುಗ್ಗಿತು. ಇಂಜಿನ್ನಿನ ಪಕ್ಕದಲ್ಲಿ ವರ್ಷಗಟ್ಟಲೆ ಕಳೆದವನಿಗೆ ಗೇಜು ನೋಡುವ ಮೊದಲೇ ಕಿವಿಗೆ ಗೊತ್ತಾಗುತ್ತದೆ. ಫಿಲ್ಟರು ಬಿಚ್ಚಿದರೆ, ಹಳದಿಯಾಗಿರಬೇಕಾದ ಕಾಗದದ ಮಡಿಕೆಗಳೆಲ್ಲ ಕೀಲೆಣ್ಣೆ ಬಳಿದಂತೆ ಕಪ್ಪಾಗಿದ್ದವು. ಬದಲಿಸಿದೆವು. ನಾಲ್ಕು ಗಂಟೆಗೆ ಬಲಗಡೆಯದು ಕುಗ್ಗಿತು. ಬೆಳಗಾಗುವಷ್ಟರಲ್ಲಿ ಎರಡು ಗಂಟೆಗೊಮ್ಮೆ ಬದಲಿಸುವ ಸ್ಥಿತಿಗೆ ಬಂದಿದ್ದೆವು, ಮತ್ತು ಉಗ್ರಾಣದಲ್ಲಿದ್ದುದು ಎಂಟೇ ಹೊಸ ಫಿಲ್ಟರುಗಳು. ಪ್ಯೂರಿಫೈಯರ್ ಹಚ್ಚಿದೆ. ಹನ್ನೊಂದನೆಯ ನಿಮಿಷಕ್ಕೆ ಅದರ ಬೇರಿಂಗ್ ಕಿರುಚಿ, ಹೊಗೆ ಬಂದು, ನಿಂತಿತು. ಅದು ಹೀಗೆಂದು ನಮ್ಮನ್ನು ಕಳಿಸಿದವರಿಗೆ ಮೊದಲೇ ತಿಳಿದಿತ್ತು. ಅದಕ್ಕೆ ಬೇಕಾದ ಬಿಡಿಭಾಗಕ್ಕಾಗಿ ಹಿಂದಿನ ಇಂಜಿನಿಯರ್ ಬರೆದ ಬೇಡಿಕೆಯ ಪ್ರತಿ, ಒಂದು ವರ್ಷ ಹಿಂದಿನದು, ಅಲ್ಲೇ ಕಡತದಲ್ಲಿ ಸಿಕ್ಕಿತು.

ಬೇರೆ ದಾರಿಯಿಲ್ಲದೆ ಹಳೆಯ ಪದ್ಧತಿಗೆ ಇಳಿದೆವು. ಕೊಳೆಯಾದ ಫಿಲ್ಟರನ್ನು ಡೀಸೆಲ್ ತುಂಬಿದ ಬಕೆಟ್ಟಿನಲ್ಲಿ ಅದ್ದಿ, ಮೃದುವಾದ ಬ್ರಷ್ಷಿನಿಂದ ತೊಳೆದು, ಒಳಗಿನಿಂದ ಗಾಳಿ ಹಾಯಿಸಿ, ಮತ್ತೆ ಹಾಕುವುದು. ತೊಳೆದದ್ದು ಹೊಸದರ ಅರ್ಧದಷ್ಟೂ ಬಾಳುವುದಿಲ್ಲ. ಇಂಜಿನ್ ರೂಮಿನಲ್ಲಿ 47 ಡಿಗ್ರಿ. ಕಾಲಡಿಯ ನೆಲ ನಿಂತಲ್ಲಿ ನಿಲ್ಲದು. ಕೈಯಲ್ಲಿ ಜಾರುವ ಡೀಸೆಲ್. ನಾನು, ಸೆಕೆಂಡ್ ಇಂಜಿನಿಯರ್, ಯಂತ್ರಗಳಿಗೆ ಎಣ್ಣೆ ಹಾಕುವ ಆಯಿಲರ್ ಮೂವರೂ ಪಾಳಿ ಎಂಬುದನ್ನೇ ಮರೆತೆವು. 22ರ ಸಂಜೆ ಎರಡೂ ಇಂಜಿನ್‌ಗಳನ್ನು ಒಟ್ಟಿಗೆ ಓಡಿಸುವುದು ಸಾಧ್ಯವಿಲ್ಲವೆಂದು ಕ್ಯಾಪ್ಟನ್ನರಿಗೆ ಹೇಳಬೇಕಾಯಿತು. ಅವರು ಒಂದೇ ಪ್ರೊಪೆಲ್ಲರನ್ನು ಓರೆಯಾಗಿಟ್ಟು, ಹಡಗು ಏಡಿಯ ಹಾಗೆ ತುಸು ಅಡ್ಡಡ್ಡ ಸಾಗುತ್ತ, 6 ನಾಟ್ ವೇಗದಲ್ಲಿ ರಾತ್ರಿ ಕಳೆದರು. ಆ ರಾತ್ರಿ ಬೆಳದಿಂಗಳು ಹಾಲು ಚೆಲ್ಲಿದಂತಿತ್ತು, ಹುಣ್ಣಿಮೆಗೆ ಎರಡೇ ದಿನ ಎಂದು ಹುಡುಗ ಹೇಳಿದ. ನಾನು ಅದನ್ನು ನೋಡಲಿಲ್ಲ.

ಫೆಬ್ರವರಿ 24ರಿಂದ 27, ಗಾಲೆಯ ಹೊರಗೆ

ಶ್ರೀಲಂಕಾದ ದಕ್ಷಿಣ ತುದಿಯ ದೊಂಡ್ರಾ ದೀಪಸ್ತಂಭವನ್ನು 24ರ ಸಂಜೆ ದಾಟಿ, ರಾತ್ರಿ ಗಾಲೆಯ ಹೊರಗೆ ಲಂಗರು ಹಾಕಿದೆವು. ಲಂಗರು ಇಳಿಸಲು ಮೊದಲು ಆ ಸಿಮೆಂಟನ್ನು ಸುತ್ತಿಗೆಯಿಂದ ಒಡೆಯಬೇಕಾಯಿತು. ಗಡಿಯಾರವನ್ನು ಇಲ್ಲಿಯ ವೇಳೆಗೆ ತಿರುಗಿಸಿದಾಗ ಅದು ನಮ್ಮ ಊರಿನ ವೇಳೆಯೂ ಆಯಿತು. ಮನೆಗೆ ಫೋನು ಮಾಡುವಾಗ ಲೆಕ್ಕ ಹಾಕಬೇಕಿಲ್ಲದ ನಾಲ್ಕು ದಿನಗಳು ಅವು. ಶ್ರೀಲಂಕಾದಲ್ಲಿ ಪ್ರತಿ ಹುಣ್ಣಿಮೆಯೂ ಸರ್ಕಾರಿ ರಜೆ. ರಜೆಯೂ ವಾರಾಂತ್ಯವೂ ಕೂಡಿಕೊಂಡು ನಮ್ಮ ಡೀಸೆಲ್ ದೋಣಿ ಬರುವುದು ತಡವಾಯಿತು, ಮತ್ತು ನನಗೆ ಬೇಕಿದ್ದುದೂ ಅದೇ.

ಇಂಜಿನ್‌ಗಳಿಗೆ ನೇರವಾಗಿ ಡೀಸೆಲ್ ಕೊಡುವ ಚಿಕ್ಕ ಟ್ಯಾಂಕನ್ನು ಖಾಲಿ ಮಾಡಿ, ಮುಚ್ಚಳ ತೆರೆದು, ಒಂದು ಹಗಲೆಲ್ಲ ಗಾಳಿ ಊದಿ, ಆಮ್ಲಜನಕದ ಮೀಟರಿನಿಂದ ಅಳೆದ ಮೇಲೆ ಆಯಿಲರ್ ಒಳಗಿಳಿದ. ಮೂರು ಬಕೆಟ್ಟು ಕಪ್ಪು ರಾಡಿ ಮೇಲೆ ಬಂತು. ದೊಡ್ಡ ಟ್ಯಾಂಕುಗಳನ್ನು ತೊಳೆಯಲು ಇಲ್ಲಿ ಅನುಕೂಲವಿರಲಿಲ್ಲ. ತಳದ ನೀರನ್ನಷ್ಟೇ ಬಸಿದೆವು. ದೋಣಿಯಲ್ಲಿ 40 ಹೊಸ ಫಿಲ್ಟರುಗಳು ಬಂದವು, ಡೀಸೆಲ್ ತುಂಬಿ ಒಟ್ಟು 1,04,000 ಲೀಟರ್ ಆಯಿತು. ಗಾಲೆಯ ಡಚ್ಚರ ಕೋಟೆಯನ್ನು ನಾಲ್ಕು ದಿನವೂ ದೂರದಿಂದ ನೋಡಿದ್ದಷ್ಟೇ. ದಡಕ್ಕಿಳಿಯುವ ಅನುಮತಿ ನಮಗಿರಲಿಲ್ಲ.

ಇಲ್ಲಿ ನಡೆದ ಇನ್ನೊಂದು ಚರ್ಚೆ ದಾರಿಯದು. ಲಕ್ಷದ್ವೀಪದ ಮಿನಿಕಾಯ್ ಮತ್ತು ಮಾಲ್ದೀವ್ಸ್ ನಡುವಿನ ಎಂಟು ಡಿಗ್ರಿ ಚಾನೆಲ್ ಹಾದು ಮೊಂಬಾಸಾಕ್ಕೆ ನೇರ ಗೆರೆ ಎಳೆದರೆ ಅದು ಸೊಮಾಲಿಯಾದ ಪೂರ್ವಕ್ಕೆ ಕೆಲವು ನೂರು ಮೈಲುಗಳಲ್ಲಿ ಹೋಗುತ್ತದೆ. ವರ್ಷಗಳ ಕಾಲ ತಣ್ಣಗಿದ್ದ ಅಲ್ಲಿಯ ಕಡಲ್ಗಳ್ಳರು 2023ರ ಕೊನೆಯಲ್ಲಿ ಮತ್ತೆ ತಲೆಯೆತ್ತಿದ್ದರು; ಡಿಸೆಂಬರ್‌ನಲ್ಲಿ ಹಿಡಿದ ‘ರುಯೆನ್’ ಎಂಬ ಸರಕು ಹಡಗು ಆಗಲೂ ಅವರ ವಶದಲ್ಲೇ ಇತ್ತು. ನೀರಿನಿಂದ ಒಂದು ಮೊಣಕಾಲೆತ್ತರದ ಡೆಕ್ಕು, 9 ನಾಟ್ ವೇಗ: ನಮ್ಮನ್ನು ಹತ್ತಲು ಏಣಿಯೂ ಬೇಡ. ಗಾಲೆಯಲ್ಲಿ ಸಶಸ್ತ್ರ ಕಾವಲುಗಾರರು ಬಾಡಿಗೆಗೆ ಸಿಗುತ್ತಾರೆ. ಆ ಖರ್ಚಿಗೆ ನಮ್ಮವರು ಒಪ್ಪಲಿಲ್ಲ. ಹಾಗಾದರೆ ದಾರಿ ದಕ್ಷಿಣಕ್ಕೆ ಸರಿಯಬೇಕೆಂದು ಕ್ಯಾಪ್ಟನ್ ಹಟ ಹಿಡಿದರು. ಮಾಲ್ದೀವ್ಸ್‌ನ ಒಂದೂವರೆ ಡಿಗ್ರಿ ಚಾನೆಲ್ಲಿನಿಂದ ನುಸುಳಿ, ಸಮಭಾಜಕ ದಾಟಿ, ಸೇಶೆಲ್ಸ್‌ನ ದಕ್ಷಿಣಕ್ಕೆ ಹೋಗಿ ಅಲ್ಲಿಂದ ನೇರ ಪಶ್ಚಿಮ. ಕಡಿಮೆ ಮಾತಿನ ಮನುಷ್ಯ. ಅಂದು ಫೋನಿನಲ್ಲಿ ಅರ್ಧ ಗಂಟೆ ಮಾತಾಡಿದರು.

27ರ ಮಧ್ಯಾಹ್ನ ಲಂಗರು ಎತ್ತಿದೆವು.

ಫೆಬ್ರವರಿ 29, ಮಾಲ್ದೀವ್ಸ್

ನಾಲ್ಕು ವರ್ಷಕ್ಕೊಮ್ಮೆ ಬರುವ ತಾರೀಖನ್ನು ಲಾಗ್ ಪುಸ್ತಕದಲ್ಲಿ ಬರೆಯುವ ಸಂತೋಷ ಕ್ಯಾಪ್ಟನ್ನರ ಕೈಕೆಳಗಿನ ಅಧಿಕಾರಿ ಮೇಟ್‌ಗೆ ಸಿಕ್ಕಿತು. ಈಶಾನ್ಯ ಮಾರುತದ ಈ ತಿಂಗಳುಗಳಲ್ಲಿ ಶ್ರೀಲಂಕಾದ ದಕ್ಷಿಣಕ್ಕೆ ಸಮುದ್ರದ ಪ್ರವಾಹ ಪಶ್ಚಿಮಕ್ಕೆ ಹರಿಯುತ್ತದೆ. ಅದು ನಮ್ಮನ್ನು ಗಂಟೆಗೆ ಒಂದು ಮೈಲಿನಷ್ಟು ಪುಕ್ಕಟೆಯಾಗಿ ಮುಂದೆ ದೂಡಿತು. ಸೂರ್ಯ ಮುಳುಗಿದ ಮೇಲೆ ಲಾಮು ಮತ್ತು ಹುವಾಧು ಹವಳದ್ವೀಪಗಳ ನಡುವಿನ ಅಗಲವಾದ ಚಾನೆಲ್ಲಿನೊಳಗೆ ಹೋದೆವು. ದ್ವೀಪಗಳೆಂದರೆ ದಿಗಂತದಲ್ಲಿ ಒಂದು ಸಾಲು ದೀಪಗಳು, ಅಷ್ಟೇ. ನೆಲ ಎಷ್ಟು ತಗ್ಗೆಂದರೆ ರೇಡಾರು ಕೂಡ ಅದನ್ನು ತಡವಾಗಿ ಕಾಣುತ್ತದೆ. ಕಡಲು ಕೆರೆಯಂತೆ ನಿಂತಿತ್ತು. ಫಿಲ್ಟರು ಈಗ ಎಂಟು ಗಂಟೆ ಬಾಳುತ್ತಿತ್ತು. ಹತ್ತು ದಿನಗಳ ನಂತರ ಮೊದಲ ಬಾರಿಗೆ ಒಂದೇ ಸಮನೆ ಆರು ಗಂಟೆ ನಿದ್ದೆ ಮಾಡಿದೆ.

ಮಾರ್ಚ್ 2, ಸಮಭಾಜಕ

ಬೆಳಗಿನ ಜಾವ ಸೊನ್ನೆ ಡಿಗ್ರಿ ದಾಟಿದೆವು. ಮೊದಲ ಸಲ ದಾಟುವವರನ್ನು ಸಮುದ್ರರಾಜ ನೆಪ್ಚೂನನ ಮುಂದೆ ನಿಲ್ಲಿಸಿ ಕೊಳೆನೀರು ಸುರಿದು, ತಲೆ ಬೋಳಿಸಿ, ಪ್ರಮಾಣಪತ್ರ ಕೊಡುವ ಪದ್ಧತಿ ಹಡಗುಗಳಲ್ಲಿದೆ. ಎಂಟು ಜನರ ಟಗ್ಗಿನಲ್ಲಿ ಮೊದಲಿಗರು ಇಬ್ಬರೇ: ಒಬ್ಬ ಖಲಾಸಿ ಮತ್ತು ಅಡುಗೆಯ ಹುಡುಗ. ಎಲ್ಲರೆದುರು ನನ್ನನ್ನು ‘ಸಾರ್’ ಎನ್ನುವ ಹುಡುಗ ಅಡುಗೆಮನೆಯಲ್ಲಿ ಒಬ್ಬನೇ ಸಿಕ್ಕಾಗ ಕೇಳಿದ: “ಅಣ್ಣ, ಈ ನೆಪ್ಚೂನ್ ಯಾರ್ ಮರ್ರೆ? ನಮ್ಮ್ ವರುಣ ಇಲ್ಲಿಗ್ ಬತ್ತಿಲ್ಯಾ?” ಗಾಲೆಯಲ್ಲಿ ಡೀಸೆಲ್ ದೋಣಿಯವರಿಂದ ಅವನು ಒಂದು ತೆಂಗಿನಕಾಯಿ ಕೇಳಿ ಪಡೆದಿದ್ದನಂತೆ. ನೆಪ್ಚೂನನ ವೇಷದಲ್ಲಿದ್ದ ಸೆಕೆಂಡ್ ಇಂಜಿನಿಯರ್ ಒಂದು ಬಕೆಟ್ಟು ನೀರು ಸುರಿದು ಮುಗಿಸಿದ ಮೇಲೆ, ಹುಡುಗ ಒದ್ದೆ ಮೈಯಲ್ಲೇ ಹಡಗಿನ ಮೂತಿಯ ಬಳಿ ಹೋಗಿ, ನೂಲಹುಣ್ಣಿಮೆಗೆ ನಮ್ಮ ಮೊಗವೀರರು ಮಾಡುವಂತೆ ಕಡಲಿಗೆ ಕಾಯಿ ಒಪ್ಪಿಸಿ ಕೈಮುಗಿದ. ಕ್ಯಾಪ್ಟನ್ ಹಡಗು ನಡೆಸುವ ಕೋಣೆಯಾದ ಬ್ರಿಡ್ಜಿನಿಂದಲೇ ಟೋಪಿ ತೆಗೆದದ್ದನ್ನು ನಾನು ಕಂಡೆ.

ಸಮಭಾಜಕದ ಬಳಿ ಧ್ರುವ ನಕ್ಷತ್ರ ಕಾಣದು. ನಾವು ಎಷ್ಟು ಡಿಗ್ರಿ ಉತ್ತರದಲ್ಲಿದ್ದೇವೋ ದಿಗಂತದಿಂದ ಅಷ್ಟೇ ಡಿಗ್ರಿ ಮೇಲೆ ಅದು ನಿಲ್ಲುತ್ತದೆ. ಕುಮಟೆಯಲ್ಲಿ ಹದಿನಾಲ್ಕು, ಗಾಲೆಯಲ್ಲಿ ಆರು, ಇಲ್ಲಿ ಸೊನ್ನೆ. ಪ್ರತಿಯಾಗಿ ದಕ್ಷಿಣದಲ್ಲಿ ತ್ರಿಶಂಕು ಮೇಲೇರಿ ಬರುತ್ತದೆ, ಅಗಸ್ತ್ಯ ಇನ್ನೂ ಎತ್ತರದಲ್ಲಿ ಹೊಳೆಯುತ್ತದೆ.

ಮಾರ್ಚ್ 3ರಿಂದ 5

ಹೇಳುವಂಥದ್ದೇನೂ ಇಲ್ಲ. ಸಮುದ್ರದ ನೀರೇ 30 ಡಿಗ್ರಿ, ಅದರಿಂದ ಇಂಜಿನ್ ತಣಿಸಬೇಕು. ಏಸಿ ಕೆಟ್ಟಿತು, ಎಲ್ಲರೂ ಡೆಕ್ಕಿನ ಮೇಲೆ ಚಾಪೆ ಹಾಸಿ ಮಲಗಿದೆವು. ಬೆಳಿಗ್ಗೆ ಎದ್ದಾಗ ಮಗ್ಗುಲಲ್ಲಿ ಹಾರುಮೀನುಗಳು ಬಿದ್ದಿರುತ್ತಿದ್ದವು. ಹುಡುಗ ಅವನ್ನು ಹೆಕ್ಕಿ, ಮೆಣಸು ಹುಳಿ ಹಚ್ಚಿ ಹುರಿದ. ಸಿಹಿನೀರು ತಲೆಗೆ ದಿನಕ್ಕೆ ಎರಡು ಬಕೆಟ್ಟು.

ಮಾರ್ಚ್ 6, ಸೇಶೆಲ್ಸ್

ಬೆಳಿಗ್ಗೆ ಉತ್ತರದ ದಿಗಂತದಲ್ಲಿ ನೀಲಿಯಾಗಿ ಒಂದು ಬೆಟ್ಟ ಕಂಡಿತು: ಮಾಹೆ ದ್ವೀಪ. ಮಂಗಳೂರಿನಿಂದ ತೆಂಕಣಕ್ಕೆ ರೈಲಿನಲ್ಲಿ ಹೋಗುವಾಗ ಸಿಗುವ ಮಾಹೆಯ ಹೆಸರೇ ಇದಕ್ಕೂ, ಎರಡೂ ಕಡೆ ಹಿಂದೊಮ್ಮೆ ಆಳಿದವರು ಫ್ರೆಂಚರೇ. ಮಾಲ್ದೀವ್ಸ್‌ನ ತಗ್ಗಿನ ಮರಳುದಿಣ್ಣೆಗಳ ನಂತರ 900 ಮೀಟರ್ ಎತ್ತರದ ಗ್ರಾನೈಟ್ ಬೆಟ್ಟವೊಂದು ನಡುಗಡಲಿನಿಂದ ಎದ್ದು ನಿಂತದ್ದನ್ನು ಕಂಡು ಎಲ್ಲರೂ ಹೊರಗೆ ಬಂದರು. ಅಲ್ಲಿ ನಿಲ್ಲಲಿಲ್ಲ.

ಇಲ್ಲಿಗೆ ಬರುವ ಮೊದಲೇ ಪ್ರವಾಹ ತಿರುಗಿಬಿದ್ದಿತ್ತು. ಈ ಋತುವಿನಲ್ಲಿ ಸಮಭಾಜಕದ ದಕ್ಷಿಣಕ್ಕೆ ನೀರಿನ ಒಂದು ಪಟ್ಟಿ ಆಫ್ರಿಕಾದ ಕಡೆಯಿಂದ ಪೂರ್ವಕ್ಕೆ ಹರಿಯುತ್ತದೆ, ಅಂದರೆ ನಮಗೆ ಎದುರಾಗಿ. ಇಂಜಿನ್ 9 ನಾಟ್‌ಗೆ ಬೇಕಾದಷ್ಟೇ ಡೀಸೆಲ್ ಕುಡಿಯುತ್ತಿದ್ದರೂ ನೆಲದ ಲೆಕ್ಕದಲ್ಲಿ ನಾವು ಹೋಗುತ್ತಿದ್ದುದು 8ಕ್ಕಿಂತ ತುಸು ಹೆಚ್ಚು. ಉತ್ತರದಲ್ಲಿ ಪುಕ್ಕಟೆ ಸಿಕ್ಕಿದ್ದನ್ನು ದಕ್ಷಿಣದಲ್ಲಿ ಬಡ್ಡಿ ಸಹಿತ ಕಟ್ಟಿದೆವು. ಅಳತೆಪಟ್ಟಿ ಇಳಿಸಿ ಟ್ಯಾಂಕುಗಳನ್ನು ದಿನಕ್ಕೆ ಎರಡು ಸಲ ಅಳೆದೆ. ಮೊಂಬಾಸಾ ಮುಟ್ಟುವುದಕ್ಕೆ ಸಾಕಷ್ಟಿತ್ತು. ನನ್ನ ಚಿಂತೆ ಬೇರೆ. ಟ್ಯಾಂಕು ಖಾಲಿಯಾಗುತ್ತ ಬಂದಂತೆ ತಳದ ರಾಡಿ ಪಂಪಿನ ಬಾಯಿಗೆ ಹತ್ತಿರವಾಗುತ್ತದೆ. ಫಿಲ್ಟರಿನ ಆಯುಸ್ಸು ಮತ್ತೆ ಎಂಟು ಗಂಟೆಯಿಂದ ಆರಕ್ಕೆ ಇಳಿಯಿತು.

ಮಾರ್ಚ್ 8, ಶಿವರಾತ್ರಿ

ಮಧ್ಯಾಹ್ನ ಡೆಕ್ಕಿನ ಮೇಲೆ ನಿಂತವನಿಗೆ ತನ್ನ ನೆರಳೇ ಕಾಣಲಿಲ್ಲ. ನಾವು ಸುಮಾರು ನಾಲ್ಕೂವರೆ ಡಿಗ್ರಿ ದಕ್ಷಿಣದಲ್ಲಿದ್ದೆವು, ವಿಷುವಕ್ಕೆ ಮುಂಚಿನ ಈ ದಿನಗಳಲ್ಲಿ ಸೂರ್ಯನೂ ಹೆಚ್ಚುಕಡಿಮೆ ಅದೇ ಅಕ್ಷಾಂಶದ ನೆತ್ತಿಯ ಮೇಲಿರುತ್ತಾನೆ. ಲಂಬವಾಗಿ ನಿಲ್ಲಿಸಿದ ಪೈಪಿನ ನೆರಳು ಅದರ ಬುಡದೊಳಗೇ ಅಡಗಿತ್ತು. ಖಲಾಸಿಗಳು ಒಬ್ಬರ ಕಾಲಬುಡವನ್ನು ಒಬ್ಬರು ನೋಡಿ ನಗುತ್ತಿದ್ದರು.

ರಾತ್ರಿ ನನ್ನದು ಹನ್ನೆರಡರಿಂದ ನಾಲ್ಕರ ಪಾಳಿ. ನಮ್ಮ ಕಡೆ ಶಿವರಾತ್ರಿಯೆಂದರೆ ಗೋಕರ್ಣ: ಕಡಲಲ್ಲಿ ಮಿಂದು ಸಾಲಿನಲ್ಲಿ ನಿಲ್ಲುವ ಜನ, ಬೀದಿ ತುಂಬ ಬಿಲ್ವಪತ್ರೆಯ ರಾಶಿ, ನಿದ್ದೆಗೆಟ್ಟ ಮಕ್ಕಳು. ಚಿಕ್ಕಂದಿನಲ್ಲಿ ಜಾಗರಣೆಯ ನಡುವೆ ಅಪ್ಪನ ತೊಡೆಯ ಮೇಲೆ ನಿದ್ದೆಹೋಗಿ, ಬೆಳಿಗ್ಗೆ ಇಡೀ ರಾತ್ರಿ ಎಚ್ಚರವಿದ್ದೆನೆಂದು ಎಲ್ಲರಿಗೂ ಹೇಳಿದವನು ನಾನು. ಇಲ್ಲಿ ಜಾಗರಣೆಗೆ ಸಂಬಳ ಕೊಡುತ್ತಾರೆ. ಎರಡು ಗಂಟೆಗೆ ಫಿಲ್ಟರು ಬದಲಿಸಿ, ಕೈ ತೊಳೆದು, ಗಾಳಿಗೆಂದು ಮೇಲೆ ಬಂದೆ. ಚಂದ್ರನಿಲ್ಲದ ಆ ಚತುರ್ದಶಿಯ ರಾತ್ರಿಯಲ್ಲಿ, ನೂರಾರು ಮೈಲಿಯೊಳಗೆ ಒಂದು ದೀಪವೂ ಇಲ್ಲದ ಕಡಲಿನಲ್ಲಿ, ಆಕಾಶ ದಿಗಂತದವರೆಗೂ ಒತ್ತೊತ್ತಾಗಿತ್ತು. ಹುಡುಗ ಮಲಗಿರಲಿಲ್ಲ. ಉಪವಾಸವಿದ್ದವನು ನನ್ನ ಪಾಲಿನ ಅವಲಕ್ಕಿ ಬೆಲ್ಲವನ್ನು ಮಾತ್ರ ಎತ್ತಿಟ್ಟಿದ್ದ.

ಮಾರ್ಚ್ 11, ಮೊಂಬಾಸಾ

ಕೊನೆಯ ಎರಡು ದಿನ ಈಶಾನ್ಯದ ಗಾಳಿ ಮತ್ತೆ ಬೀಸಿತು. ಇಲ್ಲಿಯವರು ಇದನ್ನು ‘ಕಸ್ಕಾಜಿ’ ಎನ್ನುತ್ತಾರೆ. ಅರಬ್ ದೇಶಗಳಿಂದಲೂ ಪಶ್ಚಿಮ ಭಾರತದಿಂದಲೂ ಹಾಯಿಹಡಗುಗಳು ಶತಮಾನಗಳ ಕಾಲ ಈ ದಂಡೆಗೆ ಬಂದದ್ದು ಈ ಗಾಳಿ ಹಿಡಿದು; ಮರಳಿದ್ದು ದಕ್ಷಿಣದ ‘ಕುಸಿ’ ಗಾಳಿಯಲ್ಲಿ. ಬಂದರಿನೊಳಗೆ ದಾರಿ ತೋರಿಸುವ ಪೈಲಟ್ ಹತ್ತಿದ ಮೇಲೆ ಹವಳದ ದಿಬ್ಬಗಳ ನಡುವಿನ ಕಾಲುವೆಯಿಂದ ಒಳಗೆ ಹೋದೆವು. ಕಿಲಿಂಡಿನಿ ಎಂದರೆ ಸ್ವಾಹಿಲಿಯಲ್ಲಿ ಆಳವಾದ ಜಾಗವೆಂದು ಅವರು ಹೇಳಿದರು. ಅವರು ರೇಡಿಯೊದಲ್ಲಿ ಆಡಿದ ಮಾತಿನಲ್ಲಿ ಎರಡು ಪದಗಳು ನನಗೆ ತಟ್ಟನೆ ತಿಳಿದವು. ಬಂದರಿಗೆ ಅವರು ‘ಬಂದರಿ’ ಎನ್ನುತ್ತಾರೆ, ಲಂಗರಿಗೆ ‘ನಂಗ’. ಪಾರಸಿಯಿಂದ ಹೊರಟ ಮಾತುಗಳು ಗಾಳಿಯೊಡನೆ ಎರಡೂ ದಂಡೆಗೆ ಬಂದಿರಬೇಕು. ಲಿಕೋನಿಯ ದಾಟುದೋಣಿಗಳು ಜನರನ್ನು ತುಂಬಿಕೊಂಡು ನಮ್ಮ ಮುಂದೆಯೇ ಅಡ್ಡ ಹೋದವು.

ಮಾರ್ಚ್ 12 ಮತ್ತು 13

ಬಂದ ಮಾರನೆಯ ದಿನ ಸುದ್ದಿ ತಿಳಿಯಿತು: ಮೊಜಾಂಬಿಕ್‌ನಿಂದ ಕಲ್ಲಿದ್ದಲು ಹೊತ್ತು ಹೋಗುತ್ತಿದ್ದ ‘ಅಬ್ದುಲ್ಲಾ’ ಎಂಬ ಬಾಂಗ್ಲಾದೇಶದ ಹಡಗನ್ನು, ಅದರ 23 ನಾವಿಕರ ಸಹಿತ, ಮೊಗದಿಶುವಿನಿಂದ ಪೂರ್ವಕ್ಕೆ ಸುಮಾರು 600 ನಾಟಿಕಲ್ ಮೈಲು ದೂರದಲ್ಲಿ ಕಡಲ್ಗಳ್ಳರು ಹಿಡಿದಿದ್ದರು. ಕ್ಯಾಪ್ಟನ್ ಮಾತಾಡದೆ ನಕಾಶೆ ತೆಗೆದು, ಗಾಲೆಯಲ್ಲಿ ಎಳೆದು ಅಳಿಸಿದ್ದ ನೇರ ಗೆರೆಯ ಮೇಲೆ ಬೆರಳಿಟ್ಟರು. ಪೆನ್ಸಿಲ್ಲಿನ ಗುರುತು ಇನ್ನೂ ಮಸುಕಾಗಿ ಕಾಣುತ್ತಿತ್ತು, ಮತ್ತು ಅದು ಆ ಜಾಗದ ಹತ್ತಿರದಲ್ಲೇ ಹಾದುಹೋಗುತ್ತಿತ್ತು. ‘ರುಯೆನ್’ನ 17 ನಾವಿಕರನ್ನು ನಮ್ಮ ನೌಕಾಪಡೆ ಬಿಡಿಸಿ, 35 ಕಳ್ಳರನ್ನು ಹಿಡಿದದ್ದು ಮಾರ್ಚ್ 16ರಂದು, ಅಷ್ಟರಲ್ಲಿ ನಮ್ಮ ಕೆಲಸ ಮುಗಿದಿತ್ತು.

ಕೊಂಡವರ ಪರವಾಗಿ ಮುಳುಗುಗಾರರು ನೀರಿಗಿಳಿದು ತಳ ಮತ್ತು ಪ್ರೊಪೆಲ್ಲರ್‌ಗಳನ್ನು ಕ್ಯಾಮೆರಾದಲ್ಲಿ ಚಿತ್ರಿಸಿದರು. ಒಳಗೆ ಪಟ್ಟಿ ಹಿಡಿದು ಒಂದೊಂದೇ ಸಾಮಾನನ್ನು, ಲೈಫ್ ಜಾಕೆಟ್ಟುಗಳಿಂದ ಅಡುಗೆಯ ಸೌಟುಗಳವರೆಗೆ ಎಣಿಸಿದರು. ಆ ಹೊತ್ತಿನಲ್ಲಿ ಅರ್ಧ ದಿನ ಬಿಡುವು ಸಿಕ್ಕಿತೆಂದು ನಾನೂ ಹುಡುಗನೂ ಹಳೆಯ ಪಟ್ಟಣಕ್ಕೆ ಹೋದೆವು. ರಂಜಾನ್ ಆರಂಭವಾಗಿದ್ದರಿಂದ ಹಗಲಲ್ಲಿ ಹೋಟೆಲುಗಳು ಮುಚ್ಚಿದ್ದವು. ಪೋರ್ಚುಗೀಸರು 1590ರ ದಶಕದಲ್ಲಿ ಕಟ್ಟಿಸಿದ ಫೋರ್ಟ್ ಜೀಸಸ್ ಕೋಟೆಯ ನೆರಳಿನಲ್ಲಿ ನಡೆಯುತ್ತಿದ್ದಾಗ ಹುಡುಗ ನನ್ನ ಅಂಗಿ ಜಗ್ಗಿ ಒಂದು ಮನೆಯ ಮಾಡನ್ನು ತೋರಿಸಿದ. ಮಂಗಳೂರು ಹೆಂಚು. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನವರು ಮೊದಲ ಕಾರ್ಖಾನೆ ತೆರೆದ ಮೇಲೆ ಅಂಥ ಹೆಂಚುಗಳು ಪೂರ್ವ ಆಫ್ರಿಕಾಕ್ಕೂ ಹಡಗೇರಿ ಬಂದವೆಂದು ಓದಿದ್ದೆ. ತನ್ನ ಅಜ್ಜಿ ಮನೆಗೆ ಈಗ ಶೀಟು ಹೊದೆಸಿದ್ದಾರೆಂದು ಹುಡುಗ ಹೇಳಿದ.

ಮಾರ್ಚ್ 14, ಒಪ್ಪಿಗೆ

ಕಾಗದಕ್ಕೆ ಸಹಿಯಾಗುವ ನಿಮಿಷದವರೆಗೆ ಹಡಗು ಮಾರಿದವರದು, ಆಮೇಲೆ ಕೊಂಡವರದು; ಹಾಗಾಗಿ ಒಪ್ಪಿಗೆಯ ಪತ್ರದಲ್ಲಿ ತಾರೀಖಿನ ಜೊತೆ ವೇಳೆಯನ್ನೂ ನಿಮಿಷದವರೆಗೆ ಬರೆಯುತ್ತಾರೆ. 10 ಗಂಟೆ 40 ನಿಮಿಷಕ್ಕೆ ಸಹಿಯಾಯಿತು. ಹಳೆಯ ಧ್ವಜ ಇಳಿಯಿತು. ಟ್ಯಾಂಕುಗಳಲ್ಲಿ ಉಳಿದಿದ್ದ 27,400 ಲೀಟರ್ ಡೀಸೆಲ್ಲನ್ನು ಅವರ ಕಡೆಯವರೂ ನಾನೂ ಒಟ್ಟಿಗೆ ಅಳೆದೆವು, ಅದರ ದುಡ್ಡು ಬೇರೆ ಲೆಕ್ಕ. ಹಿಂಬದಿಯಲ್ಲಿ ಬಣ್ಣದವನೊಬ್ಬ ಹಲಗೆಯ ಮೇಲೆ ಕೂತು ಹಳೆಯ ಹೆಸರನ್ನು ಅಳಿಸುತ್ತಿದ್ದ. ಹಡಗಿನ ಹೆಸರಿನ ಅಕ್ಷರಗಳ ಅಂಚಿಗೆ ವೆಲ್ಡಿಂಗ್ ಗೆರೆ ಎಳೆದಿರುತ್ತಾರಾದ್ದರಿಂದ, ಎಷ್ಟು ಬಣ್ಣ ಬಳಿದರೂ ಅದು ಉಬ್ಬಾಗಿ ಕಾಣುತ್ತಲೇ ಇತ್ತು.

ಹೊಸ ಚೀಫ್ ಇಂಜಿನಿಯರ್ ನನಗಿಂತ ಚಿಕ್ಕ ವಯಸ್ಸಿನ ಮೊಂಬಾಸಾದವರು. ಪಟ್ಟಿಗಳನ್ನೆಲ್ಲ ಬದಿಗಿಟ್ಟು, ಇಂಜಿನ್ ರೂಮಿನ ಮೆಟ್ಟಿಲ ಮೇಲೆ ಕೂತು, ಕಾಗದದಲ್ಲಿ ಬರೆಯದಿರುವುದು ಏನಾದರೂ ಇದೆಯೇ ಎಂದು ಕೇಳಿದರು. ಪ್ಯೂರಿಫೈಯರ್ ಹತ್ತು ನಿಮಿಷ ಓಡುತ್ತದೆ, ನಂಬಬೇಡಿ ಎಂದೆ. ದೊಡ್ಡ ಟ್ಯಾಂಕುಗಳನ್ನು ತೊಳೆಯುವವರೆಗೆ ಎಡಗಡೆಯ ಇಂಜಿನ್ನಿನ ಫಿಲ್ಟರನ್ನು ಆರು ಗಂಟೆಗೊಮ್ಮೆ ಬದಲಿಸಬೇಕು. ಧ್ವನಿ ಕುಗ್ಗುವವರೆಗೆ ಕಾಯಬಾರದು. ಕೊನೆಯದನ್ನು ಬದಲಿಸಿದ್ದು ಯಾವಾಗ ಎಂದು ಅವರು ಕೇಳಿದರು. ಮೊನ್ನೆ ಧಕ್ಕೆಗೆ ಬಂದ ಮೇಲೆ ಎಂದೆ. ಅವರು ಜೇಬಿನಿಂದ ಫೋನು ತೆಗೆದು ಆರು ಗಂಟೆಗೆ ಅಲಾರಂ ಇಟ್ಟರು. ಉಳಿದಿದ್ದ ಒಂಬತ್ತು ಹೊಸ ಫಿಲ್ಟರುಗಳು ಎಲ್ಲಿವೆಯೆಂದು ತೋರಿಸಿ, ನನ್ನ ಚೀಲ ಹೆಗಲಿಗೇರಿಸಿ ಧಕ್ಕೆಗೆ ಇಳಿದೆ.